ಕೈಯಾರೆ ಜೋಡಿಸಿದ್ದು

ಪಾರ್ಸಲ್ ಗುಮಾಸ್ತನ ಸಂಕಟಕ್ಕೆಲ್ಲ ಕಾರಣ ಅವನು ಊಟದ ಮಧ್ಯೆ ಆಡಿದ ಒಂದು ಮಾತು.

"ಅಂಗಡಿಯಿಂದ ರೆಡಿಮೇಡ್ ಗೇಮಿಂಗ್ ಕಂಪ್ಯೂಟರ್ ತರೋದು ಕೈಲಾಗದವರ ಕೆಲಸ ಕಣೇ. ಬಿಡಿಭಾಗ ತರಿಸಿ ನಾನೇ ಜೋಡಿಸ್ತೀನಿ," ಎಂದುಬಿಟ್ಟ.

ಅವನ ಹೆಂಡತಿ ಹೊಲಿಗೆ ಕಲಿಸುವವಳು. ಮನೆಯ ಹಾಲ್‌ನಲ್ಲೇ ಕ್ಲಾಸು ತೆರೆಯಬೇಕೆಂದು ಎರಡು ವರ್ಷದಿಂದ ಕೇಳುತ್ತಿದ್ದಳು. ಗುಮಾಸ್ತನಿಗೋ ಅದೇ ಹಾಲ್‌ನ ಸೋಫಾದಲ್ಲಿ ಕಾಲು ಚಾಚಿಕೊಂಡು ದೊಡ್ಡ ಟೀವಿಯಲ್ಲಿ ಕಾರ್ ರೇಸ್ ಆಡುವ ಆಸೆ. ದಿನವಿಡೀ ಅಂಚೆ ಕಚೇರಿಯಲ್ಲಿ ಬೇರೆಯವರ ಪಾರ್ಸಲ್ಲಿಗೆ ಮುದ್ರೆ ಒತ್ತುವ ಮನುಷ್ಯನಿಗೆ ಮನೆಯಲ್ಲಿ ತನ್ನದೆಂದು ಹೇಳಿಕೊಳ್ಳಲು ಇದ್ದದ್ದು ಆ ಸೋಫಾದ ಎಡಮೂಲೆ ಒಂದೇ. ಅದೂ ಹೋದರೆ ಅಡುಗೆಮನೆಯ ಸ್ಟೂಲೇ ಗತಿ.

"ಆಯ್ತು ರೀ. ಭಾನುವಾರ ಸಾಯಂಕಾಲ ಐದು ಗಂಟೆಯೊಳಗೆ ನೀವು ಜೋಡಿಸಿದ್ದು ಟೀವೀಲಿ ಚಿತ್ರ ತೋರಿಸಿದ್ರೆ ಹಾಲ್ ನಿಮ್ದು. ಇಲ್ಲಾಂದ್ರೆ ಸೋಮವಾರದಿಂದ ನನ್ನ ಕ್ಲಾಸು," ಎಂದಳು ಹೆಂಡತಿ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಅಕ್ಕನ ಮನೆಗೆ ಹೊರಟೇಬಿಟ್ಟಳು.

ಗುಮಾಸ್ತ ಮೂರು ತಿಂಗಳು ವಿಡಿಯೋ ನೋಡಿ ಈ ವಿದ್ಯೆ ಕಲಿತಿದ್ದ. ವಿಡಿಯೋದಲ್ಲಿ ಒಬ್ಬ ಹುಡುಗಿ ಹನ್ನೆರಡು ನಿಮಿಷದಲ್ಲಿ ನಗುನಗುತ್ತಾ ಜೋಡಿಸಿ ಮುಗಿಸಿದ್ದಳು. ಗುಮಾಸ್ತನಿಗೆ ಹನ್ನೆರಡು ನಿಮಿಷದಲ್ಲಿ ಮೊದಲನೇ ಡಬ್ಬದ ಅಂಟುಪಟ್ಟಿ ಬಿಡಿಸಲೂ ಆಗಲಿಲ್ಲ. ಅಷ್ಟರಲ್ಲಿ ಮಹಡಿ ಮನೆಯ ನಿವೃತ್ತ ಫಿಸಿಕ್ಸ್ ಮೇಷ್ಟ್ರು ಸದ್ದು ಕೇಳಿಸಿಕೊಂಡು ಇಳಿದು ಬಂದರು. ಅವರು ನಿವೃತ್ತರಾದದ್ದು ಕೆಲಸದಿಂದ, ಪಾಠ ಹೇಳುವುದರಿಂದಲ್ಲ.

"ಏನಯ್ಯಾ, ಇದಕ್ಕೆಲ್ಲ ಒಂದು ತತ್ವ ಇರುತ್ತೆ. ಮೊದಲು ತತ್ವ ತಿಳ್ಕೋ," ಎಂದು ಸೋಫಾದ ಎಡಮೂಲೆಯಲ್ಲೇ ಕೂತರು.

ತತ್ವ ಮುಗಿಯುವ ಹೊತ್ತಿಗೆ ಹನ್ನೊಂದು ಗಂಟೆ. ಟೀವಿ ಕೆಳಗಿನ ಕಪಾಟಿನಲ್ಲಿ ಕೂರಲೆಂದು ಗುಮಾಸ್ತ ಪುಟ್ಟ ಪೆಟ್ಟಿಗೆ ತರಿಸಿದ್ದ. ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಆ ಪೆಟ್ಟಿಗೆಗಿಂತ ಎರಡು ಬೆರಳು ಉದ್ದ ಬಂತು. ಉದ್ದಕ್ಕೆ ಇಟ್ಟ, ಓರೆಯಾಗಿ ಇಟ್ಟ, ತಲೆಕೆಳಗು ಮಾಡಿದ. ಏನು ಮಾಡಿದರೂ ಎರಡು ಬೆರಳು ಎರಡು ಬೆರಳಾಗಿಯೇ ಉಳಿಯಿತು.

"ಬಡಗೀನ ಕರಿ," ಎಂದು ಮೇಷ್ಟ್ರು ಅಪ್ಪಣೆ ಕೊಡಿಸಿದರು.

ಎದುರುಮನೆಯ ಬಡಗಿ ಕರೆಯುವುದನ್ನೇ ಕಾಯುತ್ತಿದ್ದವನಂತೆ ಗರಗಸ, ಡ್ರಿಲ್ಲು ಎರಡನ್ನೂ ಹಿಡಿದುಕೊಂಡು ಬಂದ. "ತಗಡು ತಾನೇ ಸಾರ್? ಹತ್ತು ನಿಮಿಷ," ಎಂದವನು ಪೆಟ್ಟಿಗೆಯ ಪಕ್ಕಕ್ಕೆ ಅಂಗೈಯಗಲದ ಕಂಡಿ ಕೊರೆದ. ಕಾರ್ಡಿನ ಮೂತಿ ಅದರಿಂದ ಹೊರಗೆ ಇಣುಕಿತು.

"ಹಂದಿ ಬೇಲಿ ನುಗ್ಗಿದ ಹಾಗಿದೆಯಲ್ಲಯ್ಯಾ," ಎಂದರು ಮೇಷ್ಟ್ರು.

"ಅವಸರದ ಕೆಲಸ ಹೀಗೇ ಸಾರ್. ನನ್ನ ಹೆಸರು ಮಾತ್ರ ಯಾರಿಗೂ ಹೇಳ್ಬೇಡಿ," ಎಂದು ಬಡಗಿ ಕೈ ಒರೆಸಿಕೊಂಡ.

ಒಳಗಿನ ವೈರುಗಳು ಜಡೆ ಬಿಚ್ಚಿದ ಹಾಗೆ ಹರಡಿಕೊಂಡಿದ್ದವು. ಗುಮಾಸ್ತ ಅವನ್ನು ಅಂಚೆ ಕಚೇರಿಯ ದಪ್ಪ ದಾರದಿಂದ ಕಟ್ಟಿ, ಪಾರ್ಸಲ್ಲಿಗೆ ಹಾಕುವ ಎರಡು ಸುತ್ತಿನ ಗಂಟು ಹಾಕಿದ. ಇಡೀ ದಿನದಲ್ಲಿ ಅವನು ಯಾರ ಸಲಹೆಯೂ ಇಲ್ಲದೆ ಮಾಡಿದ ಕೆಲಸ ಅದೊಂದೇ.

ಇನ್ನು ಉಳಿದದ್ದು ಟೀವಿಯ ವೈರು ಚುಚ್ಚುವುದು. ಪೆಟ್ಟಿಗೆಯ ಹಿಂದೆ ಒಂದೇ ಥರದ ಎರಡು ತೂತುಗಳಿದ್ದವು, ಒಂದು ಮೇಲೆ, ಒಂದು ಕೆಳಗೆ.

"ಯಾವುದಕ್ಕೆ ಮೇಷ್ಟ್ರೇ?"

"ಮೇಲಿನದಕ್ಕಯ್ಯಾ. ಮೇಲಿನದು ಮುಖ್ಯ. ಅದು ಕೆಟ್ಟರೆ ಇರಲಿ ಅಂತ ಕೆಳಗೊಂದು ಕೊಟ್ಟಿರ್ತಾರೆ. ಇದೂ ತತ್ವವೇ."

ಗುಮಾಸ್ತ ಮೇಲಿನದಕ್ಕೆ ಚುಚ್ಚಿ ಗುಂಡಿ ಒತ್ತಿದ. ಫ್ಯಾನು ತಿರುಗಿತು, ದೀಪ ಹತ್ತಿತು. ಟೀವಿ ಮಾತ್ರ ಕಪ್ಪಗೆ ಕೂತಿತ್ತು. ಬಿಚ್ಚಿ ಕಟ್ಟಿದ, ಊದಿದ, ಒರೆಸಿದ. ಬಡಗಿ ಟೀವಿಯ ತಲೆಗೆ ಎರಡು ತಟ್ಟಿದ. ಮಧ್ಯಾಹ್ನ ಎರಡು ಗಂಟೆಯಾದರೂ ಪರದೆಯಲ್ಲಿ ಕಂಡದ್ದು ಮೂವರ ಮುಖ ಮಾತ್ರ.

"ಭಾಗಗಳೇ ಸರಿಯಿಲ್ಲ," ಎಂದು ತೀರ್ಪು ಕೊಟ್ಟು ಮೇಷ್ಟ್ರು ಊಟಕ್ಕೆ ಹೋದರು. ಬಡಗಿಯೂ ಹೋದ.

ಗುಮಾಸ್ತ ಒಬ್ಬನೇ ಉಳಿದ. ಅಡುಗೆಮನೆಯ ಸ್ಟೂಲು ಬಾಗಿಲ ಸಂದಿಯಿಂದ ಅವನನ್ನೇ ನೋಡುತ್ತಿತ್ತು. ಕೊನೆಗೆ ಅವನು ಪೆಟ್ಟಿಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹಿಂಬಾಗಿಲಿಂದ ಹೊರಬಿದ್ದು, ಕಂಪ್ಯೂಟರ್ ಅಂಗಡಿಗೆ ಹೋದ.

ಅಂಗಡಿಯವನು ಪೆಟ್ಟಿಗೆಯನ್ನು ಒಳಕೋಣೆಗೆ ಒಯ್ದು ಹತ್ತು ನಿಮಿಷ ಬಿಟ್ಟು ಈಚೆ ಬಂದ. ಸಾವಿನ ಸುದ್ದಿ ಹೇಳುವವನ ಮುಖ ಮಾಡಿಕೊಂಡಿದ್ದ.

"ಇದು ಉಳಿಯೋ ಕೇಸಲ್ಲ ಸಾರ್. ನಿಮ್ಮ ಮುಖ ನೋಡಿ ಒಂದು ಉಪಕಾರ ಮಾಡ್ತೀನಿ. ಇದನ್ನ ಇಲ್ಲೇ ಬಿಟ್ಟು, ಬದಲಿಗೆ ನಮ್ಮ ರೆಡಿಮೇಡ್ ಒಂದು ತಗೊಂಡು ಹೋಗಿ."

ಗುಮಾಸ್ತನಿಗೆ ಅವನ ಕಾಲು ಹಿಡಿಯುವುದೊಂದು ಬಾಕಿ.

"ಟೀವಿ ವೈರ್ ಹಾಕುವಾಗ ಸಾರ್..." ಎಂದು ಅಂಗಡಿಯವನು ಏನೋ ಹೇಳಹೊರಟ.

"ಅದೆಲ್ಲ ನಮಗೆ ಗೊತ್ತಿದೆ ಬಿಡಿ," ಎಂದ ಗುಮಾಸ್ತ.

ಮನೆಗೆ ಬಂದವನೇ ಹೊಸ ಪೆಟ್ಟಿಗೆಯ ಮೇಲಿದ್ದ ಅಂಗಡಿಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ. ಸುತ್ತ ಒಂದಷ್ಟು ಸ್ಕ್ರೂ, ವೈರಿನ ತುಂಡು ಚೆಲ್ಲಿದ. ಅಂಗಿಗೂ ಸ್ವಲ್ಪ ಎಣ್ಣೆ ಬಳಿದುಕೊಂಡ. ಎಲ್ಲ ಸಿದ್ಧ ಮಾಡಿಕೊಂಡು, ವೈರನ್ನು ಮೇಲಿನ ತೂತಿಗೇ ಚುಚ್ಚಿ ಗುಂಡಿ ಒತ್ತಿದ. ಫ್ಯಾನು ತಿರುಗಿತು, ದೀಪ ಹತ್ತಿತು, ಟೀವಿ ಕಪ್ಪಗೆ ಕೂತಿತು.

ಊಟ ಮುಗಿಸಿ ಮತ್ತೆ ಇಳಿದು ಬಂದ ಮೇಷ್ಟ್ರು, "ಇನ್ನೊಂದು ಪೆಟ್ಟಿಗೆ ತರಿಸಿದೆಯಾ? ಅದರ ತತ್ವವೂ ಒಂದೇ," ಎಂದು ಕೂತರು. ಹಿಂದೆಯೇ ಬಡಗಿಯೂ ಬಂದ.

ಐದಕ್ಕೆ ಹತ್ತು ನಿಮಿಷ ಇರುವಾಗ ಹೆಂಡತಿ ಬಂದಳು. ಅವಳ ಕೈಯಲ್ಲೂ ಒಂದು ದೊಡ್ಡ ಡಬ್ಬ.

"ಬೇಜಾರ್ ಮಾಡ್ಕೋಬೇಡಿ ರೀ. ನಿಮ್ಮ ಕೈಲಿ ಆಗಲ್ಲ ಅಂತ ನಂಗೆ ಗೊತ್ತಿತ್ತು. ಕ್ಲಾಸಿಗೆ ಹಾಲ್ ತಗೊಂಡ್ರೂ ನೀವು ಮೂಲೇಲಿ ಕೂತು ಮುಖ ಊದಿಸಿಕೊಳ್ಳೋದನ್ನ ನೋಡಕ್ಕಾಗಲ್ಲ. ಅದಕ್ಕೇ ದಾರೀಲಿ ಒಂದು ರೆಡಿಮೇಡ್ ಕೊಂಡ್ಕೊಂಡೆ. ರೂಮಲ್ಲಿ ಇಟ್ಕೊಂಡು ಆಡ್ಕೊಳ್ಳಿ. ಈ ವರ್ಷದ ಹೊಸ ಮಾದರಿಯಂತೆ. ಗಾಳಿಯಾಡಲಿ ಅಂತ ಪಕ್ಕದಲ್ಲಿ ಕಿಟಕಿ ಕೊಟ್ಟಿದ್ದಾರೆ."

ಡಬ್ಬ ತೆರೆದಳು. ಪುಟ್ಟ ಪೆಟ್ಟಿಗೆ. ಪಕ್ಕದಲ್ಲಿ ಅಂಗೈಯಗಲದ ಕಂಡಿ, ಅದಕ್ಕೆ ರಬ್ಬರಿನ ಅಂಚು, ಹೊರಕ್ಕೆ ಉಬ್ಬಿದ ಹೊಳೆಯುವ ಜಾಲರಿ. ಜಾಲರಿಯ ಒಳಗೆ ವೈರುಗಳಿಗೆ ದಪ್ಪ ದಾರ ಸುತ್ತಿ ಎರಡು ಸುತ್ತಿನ ಗಂಟು ಹಾಕಿತ್ತು.

ಗುಮಾಸ್ತ ಬಗ್ಗಿ ಆ ಗಂಟನ್ನೇ ಮತ್ತೆ ಮತ್ತೆ ನೋಡಿದ.

ಹೆಂಡತಿ ಟೀವಿಯ ವೈರು ಕಿತ್ತು ತನ್ನ ಪೆಟ್ಟಿಗೆಯ ಕೆಳಗಿನ ತೂತಿಗೆ ಚುಚ್ಚಿದಳು. "ಮೇಲಿನದಕ್ಕೆ ಹಾಕಿದ್ರೆ ಏನೂ ಬರಲ್ಲಂತೆ. ಅಂಗಡಿಯವ್ನು ಎರಡು ಸಲ ಹೇಳಿದ್ದಾನೆ," ಎಂದು ಗುಂಡಿ ಒತ್ತಿದಳು. ಟೀವಿ ಝಗ್ಗೆಂದು ಬೆಳಗಿತು.

"ನೋಡಯ್ಯಾ, ಕಂಪನಿ ಕೆಲಸ ಅಂದ್ರೆ ಇದು," ಎಂದರು ಮೇಷ್ಟ್ರು.

"ಆ ಕಿಟಕಿ ನೋಡಿ ಸಾರ್, ಎಷ್ಟು ನೀಟು. ಮಿಷನ್ನಲ್ಲೇ ಆಗ್ಬೇಕು, ಕೈಯಲ್ಲಿ ಬರೋ ಮಾತಲ್ಲ," ಎಂದ ಬಡಗಿ.

ಗಡಿಯಾರದಲ್ಲಿ ಇನ್ನೂ ಮೂರು ನಿಮಿಷ ಇತ್ತು. ಗುಮಾಸ್ತ ಹಾರಿಬಿದ್ದು ವೈರು ಕಿತ್ತು, ತಾನು ಗುಟ್ಟಾಗಿ ತಂದಿದ್ದ ಪೆಟ್ಟಿಗೆಯ ಕೆಳಗಿನ ತೂತಿಗೆ ಚುಚ್ಚಿದ. "ಇದೋ ನೋಡು, ನಾನು ಜೋಡಿಸಿದ್ದು," ಎಂದ.

ಟೀವಿ ಬೆಳಗಿತು. ಗೋಡೆಯಗಲಕ್ಕೆ ಅಕ್ಷರಗಳು ಮೂಡಿದವು. ಹೆಂಡತಿ ನಿಧಾನವಾಗಿ ಓದಿದಳು: "ನಮ್ಮ ಅಂಗಡಿಯ ರೆಡಿಮೇಡ್ ಕಂಪ್ಯೂಟರ್ ಕೊಂಡಿದ್ದಕ್ಕೆ ಧನ್ಯವಾದಗಳು."

ಗುಮಾಸ್ತ ನಾಚಿಕೆಯಿಂದ ಕುಗ್ಗಿಹೋದ. ಇನ್ನು ಬೇರೆ ದಾರಿಯಿಲ್ಲದೆ ನಿಜವನ್ನೇ ಹೇಳಿದ. "ಇದು ಕೊಂಡು ತಂದದ್ದು, ಒಪ್ಕೊಂಡೆ. ಆದ್ರೆ ನೀನು ತಂದಿದ್ದೀಯಲ್ಲ, ಅದು ನಾನು ಜೋಡಿಸಿದ್ದು ಕಣೇ. ಆಣೆ ಮಾಡ್ತೀನಿ. ಆ ದಾರ ನಮ್ಮ ಆಫೀಸಿಂದು. ಕಿಟಕಿ ಈ ಬಡಗಿ ಕೊರೆದದ್ದು. ಬೇಕಾದ್ರೆ ಕೇಳು."

ಹೆಂಡತಿ ಬಡಗಿಯ ಕಡೆ ತಿರುಗಿದಳು. ಬಡಗಿ ಜಾಲರಿಯನ್ನು ನೋಡಿದ, ರಬ್ಬರಿನ ಅಂಚನ್ನು ಸವರಿದ.

"ಸುಳ್ಳು ಯಾಕೆ ಹೇಳ್ಲಿ ಅಕ್ಕಾ? ನಾನು ಕೊರೆದದ್ದು ಇಷ್ಟು ಚೆನ್ನಾಗಿರಲಿಲ್ಲ," ಎಂದ.

"ತತ್ವದ ಪ್ರಕಾರ ಅದು ಕೆಲಸ ಮಾಡೋಕೆ ಸಾಧ್ಯವೇ ಇರಲಿಲ್ಲಮ್ಮಾ," ಎಂದು ಮೇಷ್ಟ್ರು ಸೇರಿಸಿದರು.

ಹೆಂಡತಿ ಗಂಡನ ಹೆಗಲ ಮೇಲೆ ಕೈಯಿಟ್ಟಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಆಗಲಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು ರೀ. ಒಂದು ಸುಳ್ಳಿನ ಮೇಲೆ ಇನ್ನೊಂದು ಯಾಕೆ?"

ಐದು ಹೊಡೆಯಿತು. ಗುಮಾಸ್ತನೂ ಬಡಗಿಯೂ ಸೇರಿ ಸೋಫಾವನ್ನು ಗೋಡೆಗೆ ಸರಿಸಿದರು. ಬಡಗಿ ಸೊಂಟದಿಂದ ಅಳತೆ ಪಟ್ಟಿ ತೆಗೆದು ಉತ್ಸಾಹದಿಂದ ನೆಲ ಅಳೆಯತೊಡಗಿದ.

"ಬಟ್ಟೆ ಕತ್ತರಿಸೋಕೆ ಉದ್ದ ಮೇಜು ಬೇಕಲ್ಲ ಅಕ್ಕಾ? ನಾಳೇನೇ ಶುರು ಮಾಡ್ತೀನಿ."

"ಬೇಡಣ್ಣಾ," ಎಂದಳು ಹೆಂಡತಿ. "ಮೇಜೂ ಅಂಗಡಿಯಿಂದಲೇ ರೆಡಿಮೇಡ್ ತರ್ತೀನಿ. ಕೈಯಲ್ಲಿ ಮಾಡಿದ್ದರ ಸಹವಾಸವೇ ಸಾಕಾಗಿದೆ. ನೀವೇ ಹೇಳಿದ್ರಲ್ಲ, ಮಿಷನ್ನಿನ ನೀಟು ಕೈಯಲ್ಲಿ ಬರಲ್ಲ ಅಂತ."

ಬಡಗಿಯ ಕೈಯಲ್ಲಿದ್ದ ಪಟ್ಟಿ ಸರ್ರನೆ ಸುತ್ತಿಕೊಂಡಿತು. ಅವನು ಪೆಟ್ಟಿಗೆಯನ್ನು ಇನ್ನೊಮ್ಮೆ ನೋಡಿದ, ಗುಮಾಸ್ತನನ್ನು ನೋಡಿದ, ಗಂಟಲು ಸರಿಮಾಡಿಕೊಂಡ.

"ಅಕ್ಕಾ, ಈಗ ಸರಿಯಾಗಿ ನೋಡಿದ್ರೆ... ಆ ಕಿಟಕಿ ನಾನು ಕೊರೆದದ್ದೇ."

ಹೆಂಡತಿ ನಿಟ್ಟುಸಿರು ಬಿಟ್ಟು ಹೇಳಿದಳು, "ಶುರುವಾಯ್ತಾ ನಿಮ್ದೂ?"