ಪರದೆ ಮೇಲೆ ಮಾನ ಹರಾಜು

ಸ್ಲೈಡ್ ತೋರಿಸಿ ಪಾಠ ಹೇಳೋ ಕೆಲಸಕ್ಕೆ ಹೋಗಿ ನೆಟ್ಟಗೆ ಮನೆಗೆ ಬಂದ ದಿನ ನನಗಂತೂ ನೆನಪಿಲ್ಲ. ಒಂದೋ ಕರೆಂಟು ಹೋಗಿರುತ್ತೆ, ಇಲ್ಲಾ ನನ್ನ ಮರ್ಯಾದೆ ಹೋಗಿರುತ್ತೆ. ಕರೆಂಟಾದರೆ ಸಂಜೆಗೆ ವಾಪಸ್ ಬರುತ್ತೆ.

ನಾನು ಚಿತ್ರದುರ್ಗದ ಒಂದು ತರಬೇತಿ ಸಂಸ್ಥೆಯಲ್ಲಿ ಗುತ್ತಿಗೆ ಮೇಷ್ಟ್ರು. ಲ್ಯಾಪ್‌ಟಾಪು, ಪ್ರೊಜೆಕ್ಟರು ಹೊತ್ತುಕೊಂಡು ಊರೂರು ಸುತ್ತಿ ಹಸು ಸಾಕೋದರ ಬಗ್ಗೆ ಸ್ಲೈಡ್ ತೋರಿಸೋದು ನನ್ನ ಹೊಟ್ಟೆಪಾಡು. ಈ ಸಲ ನಮ್ಮ ಮೇಡಮ್ಮು ಕರೆದು, "ಬೆಂಗಳೂರಿಂದ ದೊಡ್ಡ ಸಾಹೇಬರು ಬರ್ತಾರೆ. ಅವರ ಮುಂದೆ ನೀವು ಸ್ಲೈಡ್ ತೋರಿಸ್ಬೇಕು. ಅವರು ಒಪ್ಪಿದ್ರೆ ಕೆಲಸ ಉಳೀತು, ಇಲ್ಲಾಂದ್ರೆ ನಿಮ್ಮ ದಾರಿ ನೀವು ನೋಡ್ಕಳ್ರಿ. ಅಷ್ಟರೊಳಗೆ ತಾಲ್ಲೂಕು ತಿರುಗಿ ಕೈ ಪಳಗಿಸ್ಕಳ್ರಿ" ಅಂದರು.

ಸ್ವಾಮಿ ಎದ್ದುಹೋದದ್ದು

ಮೊದಲು ಹೊಳಲ್ಕೆರೆ ಕಡೆಯ ತಾಳ್ಯ ಅನ್ನೋ ಊರು. ಗೋಡೆಗೆ ಯಾರದೋ ಬಿಳಿ ಪಂಚೆ ಕಟ್ಟಿ ಪರದೆ ಮಾಡಿದ್ದೆ. ಒಳ್ಳೇದಾಗಲಿ ಅಂತ ಮೊದಲ ಸ್ಲೈಡಿಗೆ ಆಂಜನೇಯನ ಫೋಟೊ ಹಾಕಿದ್ದೆ. ಅದು ಪರದೆ ಮೇಲೆ ಬಿದ್ದದ್ದೇ ತಡ, ಇಡೀ ಸಭೆ ಚಪ್ಪಲಿ ಬಿಟ್ಟು, ಎದ್ದು ನಿಂತು ಕೈ ಮುಗೀತು. ನಾನು ಹಿಗ್ಗಿ ಮುಂದಿನ ಸ್ಲೈಡಿಗೆ ಹೋದೆ. ಹಸುವಿನ ಕೆಚ್ಚಲು ಬಂತು.

"ಏನ್ ಮೇಷ್ಟ್ರೇ! ಮಂಗಳಾರತಿ ಇಲ್ದೆ ಸ್ವಾಮೀನ ಎಬ್ಬಿಸಿ ಕಳಿಸಿಬಿಟ್ರಲ್ಲ!" ಮುಂದಿನ ಸಾಲಿನ ಅಜ್ಜ ಕೂಗಿದ.

"ಅದು ಬರೀ ಫೋಟೊ ಅಲ್ವೇನಜ್ಜ?"

"ಮನ್ಯಾಗೆ ಪೂಜೆ ಮಾಡೋದು ಯಾವುದಕ್ಕಪ್ಪ? ಅದೂ ಫೋಟೋನೇ!"

ಸ್ವಾಮೀನ ವಾಪಸ್ ಕರೆಸಿದೆ. ಕಾಯಿ ಬಂತು, ಕರ್ಪೂರ ಬಂತು, ಪಂಚೆಗೆ ಬೆಂಕಿ ಹತ್ತದಂಗೆ ಒಬ್ಬರು ಅದನ್ನ ಹಿಡ್ಕೊಂಡು ನಿಂತರು. ಮಂಗಳಾರತಿ ಆದಮೇಲೆ "ಈಗ ಮುಂದಕ್ಕೆ ಹೋಗ್ರಿ" ಅಂತ ಅಪ್ಪಣೆಯಾಯ್ತು. ಪಾಠ ಚೆನ್ನಾಗೇ ನಡೀತಿತ್ತು. ಅರ್ಧಕ್ಕೆ ಬಂದಾಗ ಒಬ್ಬ ಅಮ್ಮ, "ಆಗ್ಲೇ ಮೇವಿನ ವಿಷ್ಯ ತೋರಿಸಿದ್ರಲ್ಲ, ಅದನ್ನ ಇನ್ನೊಂದ್ಸಲ ತೋರಿಸ್ರಿ" ಅಂದಳು. ಹಿಂದಕ್ಕೆ ಹೋಗೋ ಗುಂಡಿ ಒತ್ತಿದೆ. ಹೆದರಿದ ಬೆರಳು ಅಲ್ಲೇ ಕಚ್ಚಿಕೊಳ್ತು. ಮೇವು ಹೋಯ್ತು, ಕೆಚ್ಚಲು ಹೋಯ್ತು, ಆಂಜನೇಯ ಬಂದು ನಿಂತ. ಸಭೆಯೆಲ್ಲಾ ಮತ್ತೆ ಎದ್ದು ನಿಂತಿತು.

ಅಜ್ಜ ಹಿಂದಕ್ಕೆ ತಿರುಗಿ, "ಲೇ, ಇನ್ನೊಂದು ಕಾಯಿ ತರ್ರಲೇ!" ಅಂದ.

ಪ್ರತಿ ಸ್ಲೈಡಿನ ಅಡಿಯಲ್ಲಿ ಟಿಪ್ಪಣಿಗೆ ಒಂದು ಜಾಗ ಇರುತ್ತೆ. ಅಲ್ಲಿ ಬರೆದದ್ದು ಮಾತಾಡೋನ ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣುತ್ತೆ, ಜನರಿಗೆ ಕಾಣಲ್ಲ. ಬಸ್ಸಿನಲ್ಲಿ ಕೂತು ಅಲ್ಲಿ ಬರ್ಕೊಂಡೆ: "ದೇವರನ್ನು ದಾಟಿದ ಮೇಲೆ ಹಿಂದಕ್ಕೆ ಹೋಗಬೇಡ."

ಢಂ ಅಂದ ಅಕ್ಷರ

ಆಮೇಲೆ ಹಿರಿಯೂರು ಹತ್ತಿರದ ಒಂದು ಹಳ್ಳಿ. ದೇವರ ಸಹವಾಸವೇ ಬೇಡ ಅಂತ ಅಕ್ಷರಗಳು ಮೇಲಿಂದ ಹಾರಿ ಬಂದು ಬೀಳೋ ಹಂಗೆ ಮಾಡಿದ್ದೆ. ಬಿದ್ದಾಗ ಒಂದು ಸದ್ದೂ ಬರಲಿ ಅಂತ ಪಟ್ಟಿಯಲ್ಲಿದ್ದ ಯಾವುದನ್ನೋ ಒತ್ತಿದ್ದೆ. ಅದು ಬಾಂಬಿನ ಸದ್ದು ಅಂತ ನನಗೇನು ಗೊತ್ತು! ಜೊತೆಗೆ ಊರಿನವರು ದೊಡ್ಡ ಸ್ಪೀಕರು ಬೇರೆ ತಂದಿಟ್ಟಿದ್ದರು.

"ಹೈನುಗಾರಿಕೆ" ಅನ್ನೋ ತಲೆಬರಹ ಬಂದು ಬಿತ್ತು. ಢಂ!

"ಅಯ್ಯಯ್ಯೋ, ಟೀಸಿ ಸುಟ್ಟೋಯ್ತು! ಮೋಟ್ರು ಆಫ್ ಮಾಡ್ರಲೇ!" ಅಂತ ಒಬ್ಬ ಕೂಗಿದ. ಟ್ರಾನ್ಸ್‌ಫಾರ್ಮರ್ ಸಿಡೀತು ಅಂದ್ರೆ ಆ ಕಡೆ ಯಾರು ಕೂತಿರ್ತಾರೆ? ಕಣ್ಣು ಮುಚ್ಚಿ ಬಿಡೋದ್ರೊಳಗೆ ಕೋಣೆ ಖಾಲಿ. ಎಲ್ಲರೂ ತೋಟದ ಕಡೆ ಓಡಿದರು. ನಾನೂ ದಿಕ್ಕು ತಪ್ಪಿ ಅವರ ಹಿಂದೆ ಒಂದಷ್ಟು ದೂರ ಓಡಿದೆ. ಯಾರೋ ಫೋನ್ ಮಾಡಿ ಕರೆಸಿದ ಲೈನ್‌ಮನ್ ಬೈಕಿನಲ್ಲಿ ಬಂದು, "ಯಾವ್ ಟೀಸಿ? ಎಲ್ಲಾ ಸರಿ ಅವೆಯಲ್ಲ?" ಅಂದ.

"ಟೀಸಿ ಅಲ್ಲಪ್ಪ. ಅದು... ನನ್ನ ಅಕ್ಷರ" ಅಂದೆ.

ಅವನು ನನ್ನ ಮೇಲಿಂದ ಕೆಳಗೆ ನೋಡಿ, "ಹತ್ತೋಕೆ ಕಂಬಾನಾದ್ರೂ ಐತೇನ್ರಿ ಅದಕ್ಕೆ?" ಅಂದ.

ಟಿಪ್ಪಣಿ: "ಸದ್ದು ಬೇಡವೇ ಬೇಡ."

ಚುಟುಕು ಭಾಷಣ

ಹೊಸದುರ್ಗದಲ್ಲಿ ಸದ್ದೂ ಇಲ್ಲ, ಸ್ವಾಮಿಯೂ ಇಲ್ಲ. ಅಡುಗೆಯವನಿಗೆ ಮೊದಲೇ ಹೇಳಿದ್ದೆ, "ಪರದೆ ಮೇಲೆ 'ವಂದನೆಗಳು' ಅಂತ ಬಂದಾಗ ಎಲೆ ಹಾಕಪ್ಪ" ಅಂತ. ಪಾಠ ಶುರುವಾಗೋ ಮುಂಚೆ ಎಲ್ಲಾ ಸರಿ ಇದೆಯಾ ಅಂತ ನೋಡ್ತಾ ನೋಡ್ತಾ ಕೊನೆ ಸ್ಲೈಡಿಗೆ ಹೋಗಿಬಿಟ್ಟೆ. ಅಷ್ಟರಲ್ಲಿ ಮೈಕು ಕೈ ಕೊಡ್ತು. ಅದನ್ನ ಸರಿ ಮಾಡಿ ತಲೆ ಎತ್ತಿ ನೋಡ್ತೀನಿ, ಕುರ್ಚಿಗಳೆಲ್ಲಾ ಖಾಲಿ. ನನಗೆ ಗಾಬರಿ. ಹಿರಿಯೂರಿನ ಕಥೆಯೇ ಮತ್ತೆ ಆಯ್ತೇನೋ ಅಂತ ಹೊರಗೆ ಓಡಿದೆ. ಸಾಲಾಗಿ ಕೂತು ಎಲ್ಲರೂ ಮುದ್ದೆ ಮುರೀತಿದ್ದರು.

"ಅಯ್ಯೋ, ನಾನಿನ್ನೂ ಶುರುನೇ ಮಾಡಿಲ್ಲರೀ!" ಅಂದೆ.

"ನೀವು ಹೇಳಿದ್ದು ಪರದೆ ಮೇಲೆ ಬಂತಲ್ಲ ಸಾ, ಬಡಿಸ್ದೆ" ಅಂದ ಅಡುಗೆಯವ.

ಪಕ್ಕದಲ್ಲಿ ಉಣ್ತಿದ್ದ ಹಿರಿಯರೊಬ್ಬರು ನನ್ನ ಕೈ ಹಿಡಿದು, "ಕುಂತ್ಕಳ್ರಿ ಮೇಷ್ಟ್ರೇ. ಇಷ್ಟು ಚೆನ್ನಾಗಿ ನಮ್ಮೂರಾಗೆ ಯಾರೂ ಭಾಷಣ ಮಾಡಿರ್ಲಿಲ್ಲ" ಅಂದರು.

ಊಟಕ್ಕೆ ಮೊದಲೋ, ಆಮೇಲೋ

ಕೊನೆಗೂ ಚಿತ್ರದುರ್ಗದ ಆ ದಿನ ಬಂತು. ಬೆಳಿಗ್ಗೆ ಹೊರಡುವಾಗ ನನ್ನ ಹೆಂಡತಿ, "ಕೆಲಸ ಉಳಿದ್ರೆ ಊಟಕ್ಕೆ ಮೊದ್ಲೇ ಫೋನ್ ಮಾಡ್ರಿ. ಹೋದ್ರೆ ಉಂಡು ಆಮೇಲೆ ಮಾಡ್ರಿ. ಖಾಲಿ ಹೊಟ್ಟೇಲಿ ಸಂಕಟ ಪಡಬ್ಯಾಡ್ರಿ" ಅಂದಳು. ನಗ್ತಾನೇ ಅಂದಳು, ಆದರೆ ಕಣ್ಣು ತುಂಬಿತ್ತು. ಮರೆತುಬಿಟ್ಟೇನು ಅಂತ ಅದನ್ನೂ ಕೊನೆ ಸ್ಲೈಡಿನ ಟಿಪ್ಪಣಿಗೆ ಸೇರಿಸಿದೆ.

ದೊಡ್ಡ ಸಾಹೇಬರು ಮುಂದೆಯೇ ಕೂತಿದ್ದರು. ನಾನು ಪರದೆಗೆ ಬೆನ್ನು ಮಾಡಿ, ಲ್ಯಾಪ್‌ಟಾಪ್ ನೋಡ್ಕೊಂಡು ಶುರು ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಸ್ಲೈಡು ಮಾತ್ರ ಕಾಣ್ತಿತ್ತು, ಟಿಪ್ಪಣಿ ಇರಲಿಲ್ಲ. ಹೋಗಲಿ, ಬಾಯಿಪಾಠ ಇದೆಯಲ್ಲ ಅಂದ್ಕೊಂಡೆ. ಸಾಹೇಬರು ತಲೆಯಾಡಿಸ್ತಾ ಇದ್ದರು. ಒಂದು ಸ್ಲೈಡ್ ಬಂದಾಗ ಇದ್ದಕ್ಕಿದ್ದಂಗೆ ತಲೆ ಆಡಿಸೋದು ನಿಲ್ಲಿಸಿ, ಕಣ್ಣು ಅಗಲ ಮಾಡಿ ಕೂತರು. ಹಿಂದಿನ ಸಾಲಿನಲ್ಲಿ ಕಿಸಕ್ ಅಂತ ನಗು. ಮೇಡಮ್ಮು ಮುಖ ಕೆಂಪಗೆ ಮಾಡ್ಕೊಂಡು ನನ್ನ ಬೆನ್ನ ಹಿಂದಕ್ಕೆ ಬೆರಳು ತೋರಿಸ್ತಿದ್ದರು. ಅದಕ್ಕೂ ನನ್ನ ಟಿಪ್ಪಣಿ ತಯಾರಿತ್ತು: "ಮೇಡಮ್ಮು ಮುಖ ಗಂಟು ಹಾಕ್ಕೊಂಡ್ರೆ ಆ ಕಡೆ ನೋಡಬೇಡ, ಮುಂದಕ್ಕೆ ಹೋಗು." ನಾನು ನೋಡಲಿಲ್ಲ. ಮುಂದಕ್ಕೆ ಹೋದೆ. ಕೊನೆವರೆಗೂ ಹೋದೆ.

ವಂದನೆಗಳು ಅಂತ ಹೇಳಿ ತಿರುಗಿದೆ. ಶಿವನೇ! ನನ್ನ ಕಣ್ಣಿಗೆ ಮಾತ್ರ ಕಾಣಬೇಕಾದ ಟಿಪ್ಪಣಿ ಆಳೆತ್ತರದ ಅಕ್ಷರದಲ್ಲಿ ಪರದೆ ತುಂಬಾ ನಿಂತಿತ್ತು. ಯಾವ ಗುಂಡಿ ತಪ್ಪಾಗಿ ಒತ್ತಿದ್ದೆನೋ, ಪರದೆಗೆ ಹೋಗಬೇಕಾದ್ದು ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪಿನಲ್ಲಿ ಇರಬೇಕಾದ್ದು ಪರದೆಗೆ! ಹಂಗಾದ್ರೆ ದೇವರನ್ನ ದಾಟಿದ್ದೂ ಓದಿದರು, ಮೇಡಮ್ಮಿನ ಗಂಟು ಮುಖಾನೂ ಓದಿದರು. "ದೊಡ್ಡ ಸಾಹೇಬರು ತಲೆಯಾಡಿಸಿದರೆ ಹಿಗ್ಗಬೇಡ, ತೂಕಡಿಕೆ ಇರಬಹುದು" ಅಂತ ಬರೆದಿದ್ದನ್ನ ಸಾಕ್ಷಾತ್ ಸಾಹೇಬರೇ ಓದಿದರು. ಈಗ ಪರದೆ ಮೇಲೆ ನನ್ನ ಹೆಂಡತಿ ಹೇಳಿದ ಮಾತು ನಿಂತಿತ್ತು.

ಸಾಹೇಬರು ಅದನ್ನ ನಿಧಾನವಾಗಿ, ಗಟ್ಟಿಯಾಗಿ ಓದಿದರು. ಆಮೇಲೆ ಎದ್ದು ನಿಂತು, "ಇಷ್ಟು ವರ್ಷ ನಾನು ಸ್ಲೈಡ್ ನೋಡ್ಕೊಂಡೇ ನಿದ್ದೆ ಮಾಡಿದೀನಿ. ಇವತ್ತು ಒಂದಕ್ಷರಾನೂ ಬಿಡಲಿಲ್ಲ" ಅಂದರು. ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ. "ಊಟ ರೆಡಿ ಇದೆಯಾ?" ಅಂತ ಕೇಳಿದರು.

"ಐತೆ ಸಾರ್" ಅಂದೆ.

"ಸರಿ, ನಾವು ಹೋಗ್ತೀವಿ. ನೀವು ಊಟಕ್ಕೆ ಬರಬೇಡಿ."

ಮುಗೀತು ಅಂದ್ಕೊಂಡೆ. ಬಾಗಿಲ ತನಕ ಹೋದವರು ತಿರುಗಿ, "ಮೊದಲು ಮನೆಗೆ ಫೋನ್ ಮಾಡಿ, ಆಮೇಲೆ ಬನ್ನಿ" ಅಂದರು.

ಅಲ್ಲೇ ನಿಂತು ಫೋನ್ ಒತ್ತಿದೆ. ಅತ್ತ ಕಡೆಯಿಂದ ಹಲೋ ಬರಲಿಲ್ಲ. ಸಣ್ಣ ದನಿಯಲ್ಲಿ, "ಊಟ ಆಯ್ತೇನ್ರಿ?" ಅಂತ ಬಂತು.

"ಇನ್ನೂ ಇಲ್ಲ ಕಣೇ!" ಅಂದೆ.

ಅವಳು ಕೂಗಿದ ಕೂಗಿಗೆ ಹಿರಿಯೂರಿನ ಲೈನ್‌ಮನ್ ಮತ್ತೆ ಬೈಕು ಹತ್ತಿರಬೇಕು.