ಅತ್ತೆ ಗೋದಲಿಯಲ್ಲಿ ನೆಂಟರನ್ನು ಹುಡುಕಿದ್ದು

ನನ್ನ ಸೋದರತ್ತೆ ಪೊಲೀಸ್ ಇಲಾಖೆ ಸೇರಿದ್ದರೆ ಶನಿವಾರಸಂತೆಯಲ್ಲಿ ಒಬ್ಬ ಕಳ್ಳನೂ ಜೈಲಿಗೆ ಹೋಗುತ್ತಿರಲಿಲ್ಲ. ಹಿಡಿದ ಐದನೆಯ ನಿಮಿಷಕ್ಕೆ ಅವನು ಯಾವುದೋ ಬಳಸುದಾರಿಯಿಂದ ನಮ್ಮ ನೆಂಟನಾಗಿಬಿಡುತ್ತಿದ್ದ. ನೆಂಟನಿಗೆ ಕಾಫಿ ಕೊಡಬೇಕೇ ಹೊರತು ಕೋಳ ತೊಡಿಸುವುದುಂಟೇ?

ಕೊಡಗಿನಲ್ಲಿ ‘ಯಾವ ಮನೆಯವರು?’ ಎಂದು ಎಲ್ಲರೂ ಕೇಳುತ್ತಾರೆ, ಉತ್ತರ ಸಿಕ್ಕ ಮೇಲೆ ಬಿಡುತ್ತಾರೆ. ಅತ್ತೆ ಶುರುಮಾಡುವುದೇ ಅಲ್ಲಿಂದ. ಒಮ್ಮೆ ಕೊಡ್ಲಿಪೇಟೆ ಬಸ್ಸಿನಲ್ಲಿ ಹೊಸ ಕಂಡಕ್ಟರ್ “ಎಲ್ಲಿಗಜ್ಜಿ?” ಎಂದ. “ಅದಿರ್ಲಿ, ನಿಮ್ಮಮ್ಮನ ತವರು ಎಲ್ಲಾಯ್ತು?” ಎಂದರು ಅತ್ತೆ. ಮೂರು ಸ್ಟಾಪು ಕಳೆಯುವುದರೊಳಗೆ ಅವನು ಅತ್ತೆಯ ಓರಗಿತ್ತಿಯ ತಂಗಿಯ ಮೈದುನನ ಮಗನೆಂದು ಸಾಬೀತಾಯಿತು. ಈಗ ಆ ಬಸ್ಸು ಸ್ಟಾಪೇ ಇಲ್ಲದ ನಮ್ಮ ಗೇಟಿನ ಮುಂದೆ ನಿಲ್ಲುತ್ತದೆ. ಅತ್ತೆ ಬಸ್ಸಿನಲ್ಲಿ ಇಲ್ಲದಿದ್ದರೂ ನಿಲ್ಲುತ್ತದೆ!

ಇಂಥ ಖಜಾನೆ ಮನೆಯಲ್ಲಿರುವಾಗ ನಮ್ಮದೊಂದು ವಂಶವೃಕ್ಷ ಬೇಡವೇ ಎಂದು ಕಳೆದ ಡಿಸೆಂಬರಿನಲ್ಲಿ ನನಗೆ ಅನ್ನಿಸಿತು. ಜನವರಿಯಲ್ಲಿ ಕುಟುಂಬದವರೆಲ್ಲ ಹಿರಿಯರ ಪೂಜೆಗೆ ಸೇರುತ್ತಾರೆ. ಅಂದು ಗೋಡೆಗೆ ಆಳೆತ್ತರದ ಫ್ಲೆಕ್ಸ್ ಕಟ್ಟುವುದು ನನ್ನ ಆಸೆ. ಅತ್ತೆ ಅವರೆಕಾಯಿ ಸುಲಿಯುತ್ತ ಆರು ತಲೆಮಾರನ್ನು ಒಂದೇ ಮಧ್ಯಾಹ್ನದಲ್ಲಿ ಹೇಳಿ ಮುಗಿಸಿದರು. ನಾನು ರೂಢಿಯ ಪ್ರಕಾರ ಗಂಡುಮಕ್ಕಳನ್ನು ಹೆಸರಿನಿಂದಲೂ ಹೆಣ್ಣುಮಕ್ಕಳನ್ನು ಸಂಖ್ಯೆಯಿಂದಲೂ ಬರೆದುಕೊಂಡೆ. ಹೆಣ್ಣುಮಕ್ಕಳು ಬೇರೆ ಮನೆಗೆ ಹೋಗುವವರಲ್ಲವೇ? ಅವರ ಹೆಸರು ಅಲ್ಲಿನ ಮರದಲ್ಲಿ ಇರುತ್ತದೆ ಎಂದು ನನ್ನ ತರ್ಕ. ಅಲ್ಲಿಯೂ ಇದೇ ತರ್ಕ ಮಾಡುವ ಬುದ್ಧಿವಂತನೊಬ್ಬ ಇರುತ್ತಾನೆಂಬುದು ನನಗೆ ಹೊಳೆದಿರಲಿಲ್ಲ.

ಕರಡನ್ನು ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಅಜ್ಜನ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ನನ್ನಪ್ಪ, ಇಬ್ಬರು ದೊಡ್ಡಪ್ಪಂದಿರು, ಒಬ್ಬ ಚಿಕ್ಕಪ್ಪ, ನಾಲ್ವರ ಹೆಸರೂ ದಪ್ಪಕ್ಷರದಲ್ಲಿದ್ದವು. ಪಕ್ಕದಲ್ಲಿ ‘ಹೆಣ್ಣು ೨’ ಎಂದಿತ್ತು. ಆ ಎರಡರಲ್ಲಿ ಒಂದು, ನನ್ನ ಮುಂದೆ ಕೂತಿದ್ದ ಅತ್ತೆ. ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. “ಅಕ್ಷರ ದುಂಡಗಿದೆ” ಎಂದರು. ನಾನು ಹಿಗ್ಗಿದೆ. ಅಂಥ ಪೆದ್ದ ನಾನು!

ಅದೇ ವಾರ ಕ್ರಿಸ್‌ಮಸ್. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕರಾವಳಿಯಿಂದ ಬಂದವರು, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುವವರು. ಯೇಸುವಿನ ಹುಟ್ಟನ್ನು ತೋರಿಸುವ ಅವರ ಜಗಲಿಯ ಗೋದಲಿ ನೋಡಲು ನಾನೂ ಅತ್ತೆಯೂ ಹೋದೆವು. ಹುಲ್ಲಿನ ಕೊಟ್ಟಿಗೆ, ಮಣ್ಣಿನ ಗೊಂಬೆಗಳು, ಮಿಣುಕುದೀಪ. ಬೇರೆಯವರು ಕೈಮುಗಿದು ತಿಂಡಿ ತಿಂದು ಬರುತ್ತಾರೆ. ಅತ್ತೆ ಕುರ್ಚಿ ಎಳೆದುಕೊಂಡು ಕೂತರು.

“ಈ ಮೂರು ಜನ ನೆಂಟರಾ?”

“ಅಲ್ಲ ಅಮ್ಮ, ನಕ್ಷತ್ರ ನೋಡಿಕೊಂಡು ದೂರದಿಂದ ಬಂದ ಜ್ಞಾನಿಗಳು.”

“ದಾರಿಹೋಕರೆಲ್ಲ ಬಂದವ್ರೆ, ಹುಡುಗಿ ತಾಯಿ ಎಲ್ಲಿ? ಚೊಚ್ಚಲ ಹೆರಿಗೆ ಕಣ್ರೀ.”

ರೈಟರ್ ಉತ್ಸಾಹದಿಂದ ಮೇರಿಯ ತಾಯಿ ಅನ್ನ, ತಂದೆ ಜೊವಾಕಿಮ್ ಎಂದರು. ಅದು ಬೈಬಲಿನಲ್ಲಿಲ್ಲ, ಪರಂಪರೆಯಲ್ಲಿ ಉಂಟು ಎಂದೂ ಸೇರಿಸಿದರು. ವಯಸ್ಸಾದ ಮೇಲೆ ಗರ್ಭಿಣಿಯಾದ ನೆಂಟಳು ಎಲಿಜಬೆತ್ ಮನೆಯಲ್ಲಿ ಮೇರಿ ಮೂರು ತಿಂಗಳು ಇದ್ದಳೆಂದರು. ಆ ನೆಂಟಳ ಮಗನೇ ಮುಂದೆ ಯೇಸುವಿಗೆ ನದಿಯಲ್ಲಿ ದೀಕ್ಷಾಸ್ನಾನ ಮಾಡಿಸಿದ್ದು. “ನೋಡಿದ್ಯಾ, ಹೊರಗಿನವನಲ್ಲ, ದೊಡ್ಡಮ್ಮನ ಮಗನೇ” ಎಂದು ಅತ್ತೆ ನನ್ನ ತೊಡೆ ತಟ್ಟಿದರು. ಆಮೇಲೆ, “ಒಡಹುಟ್ಟಿದವರು?”

ರೈಟರ್ ಕೆಮ್ಮಿದರು. “ಅದು ಸ್ವಲ್ಪ ಚರ್ಚೆ ಉಂಟಮ್ಮ. ಯಾಕೋಬ, ಯೋಸೇಫ, ಸೀಮೋನ, ಯೂದ ಅಂತ ನಾಲ್ಕು ಜನ ಸಹೋದರರ ಹೆಸರು ಬರ್ತದೆ. ನಮ್ಮವರು ಅವರನ್ನು ದಾಯಾದಿಗಳು ಅಂತಾರೆ. ಮೇರಿಯ ಗಂಡ ಜೋಸೆಫರ ಮೊದಲ ಹೆಂಡತಿ ಮಕ್ಕಳು ಅಂತ ಕೆಲವರು. ಸ್ವಂತ ತಮ್ಮಂದಿರೇ ಅಂತ ಇನ್ನು ಕೆಲವರು.”

“ಒಂದೆಕರೆ ಕಾಫಿ ತೋಟ ಕೂಡ ಇಲ್ಲದೆ ಇಷ್ಟು ಚರ್ಚೆನಾ?” ಎಂದು ಅತ್ತೆ ಬೆರಗಾದರು. “ಹೆಣ್ಣುಮಕ್ಕಳು?”

“ಸಹೋದರಿಯರೂ ಇದ್ದರು ಅಂತ ಉಂಟು.”

“ಹೆಸರು?”

“ಹೆಸರು ಬರೆದಿಲ್ಲಮ್ಮ.”

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಕ್ರಿಸ್‌ಮಸ್ ತಿಂಡಿ ಕುಸ್ವಾರಿನ ತಟ್ಟೆಯಲ್ಲಿದ್ದ ಚಕ್ಕುಲಿಯನ್ನು ಅತ್ಯಂತ ಶ್ರದ್ಧೆಯಿಂದ ಪರೀಕ್ಷಿಸತೊಡಗಿದೆ.

“ಬರೆದೋರು ಯಾರು?”

“ಮತ್ತಾಯ, ಮಾರ್ಕ.”

“ನಮ್ಮ ಹುಡುಗನ ಹಂಗೇ ಓದಿದವರಿರಬೇಕು.”

ಐವತ್ತೆರಡು ವರ್ಷದ ಹುಡುಗ ನಾನು. ಯೇಸುವಿನ ಶುಭಸಂದೇಶ ಬರೆದವರ ಸಾಲಿನಲ್ಲಿ ನನ್ನನ್ನು ಕೂರಿಸಿದವರು ಅತ್ತೆ ಒಬ್ಬರೇ. ಮನೆಗೆ ಬಂದವನು ಒಂದಕ್ಷರವೂ ತಿದ್ದದೆ ವಂಶವೃಕ್ಷದ ಫೈಲನ್ನು ಶನಿವಾರಸಂತೆಯ ಫ್ಲೆಕ್ಸ್ ಅಂಗಡಿಗೆ ಕಳಿಸಿದೆ. ಸೋಮಾರಿತನಕ್ಕೆ ಸಂಪ್ರದಾಯದಂಥ ಒಳ್ಳೆಯ ಹೊದಿಕೆ ಇನ್ನೊಂದಿಲ್ಲ.

ಆದರೆ ರೈಟರ್ ಸುಮ್ಮನಿರುವ ಪೈಕಿಯಲ್ಲ. ಯಾರೋ ನಿವೃತ್ತ ಪಾದ್ರಿಯನ್ನು ವಿಚಾರಿಸಿ, ಫ್ಲೆಕ್ಸ್ ಮುದ್ರಣವಾಗಬೇಕಿದ್ದ ದಿನ ಬೆಳಿಗ್ಗೆಯೇ ಬಂದರು. “ಸಿಕ್ಕಿತಮ್ಮ! ಹಳೇ ಪರಂಪರೆಯಲ್ಲಿ ಆ ಸಹೋದರಿಯರು ಮರಿಯ, ಸಲೋಮೆ ಅಂತ ಉಂಟು. ಇನ್ನೊಂದು ಕಡೆ ಲಿದಿಯ, ಅಸ್ಸಿಯ ಅಂತ. ಯಾವುದು ಸರಿಯೋ ಗೊತ್ತಿಲ್ಲ.”

“ಸರಿಯೋ ತಪ್ಪೋ” ಎಂದರು ಅತ್ತೆ. “ಹೆಸರೇನು ಅಂತ ಯಾರೋ ಒಬ್ಬರು ಕೇಳವ್ರಲ್ಲ, ಅಷ್ಟು ಸಾಕು.”

ನನಗೆ ಕೂತಲ್ಲೇ ನಾಚಿಕೆಯಾಯಿತು. ಎದ್ದು ಅಂಗಡಿಗೆ ಫೋನ್ ಮಾಡಿ ಮುದ್ರಣ ನಿಲ್ಲಿಸಿದೆ. ರೈಟರ್ ಹೋದ ಮೇಲೆ ಕಾಗದ ಹಿಡಿದು ಅತ್ತೆಯ ಮುಂದೆ ಕೂತೆ. “ನಿಮ್ಮ ಹೆಸರು ಬೇಕು ಅಂತ ನೇರವಾಗಿ ಹೇಳಬಾರದಿತ್ತಾ ಅತ್ತೆ?” ಎಂದು ಸಿಟ್ಟೂ ಮಾಡಿದೆ. ತಪ್ಪು ಮಾಡಿದವನಿಗೆ ಸಿಟ್ಟು ಬೇಗ ಬರುತ್ತದೆ.

“ನಂದು ಬಿಡು, ರೇಷನ್ ಕಾರ್ಡಲ್ಲಾದ್ರೂ ಅದೆ” ಎಂದರು. “ಇನ್ನೊಬ್ಬಳಿದ್ಲಲ್ಲ, ನನ್ನ ತಂಗಿ. ಏಳು ವರ್ಷಕ್ಕೇ ಜ್ವರ ಬಂದು ಹೋಯ್ತು ಮಗು. ಅವಳ ಹೆಸರು ಎಲ್ಲೂ ಬರೆದಿಲ್ಲ. ಗೊತ್ತಿರೋರು ಈಗ ಯಾರೂ ಉಳಿದಿಲ್ಲ, ನನ್ನ ಬಿಟ್ಟು.”

ಮನೆಯ ಎರಡನೆಯ ‘ಹೆಣ್ಣಿ’ನ ಬಗ್ಗೆ ಎಣಿಸಿದ್ದನ್ನು ಬಿಟ್ಟರೆ ನಾನು ಅಂದಿನವರೆಗೆ ಒಂದು ಮಾತೂ ವಿಚಾರಿಸಿದವನಲ್ಲ. “ಹೆಸರೇನತ್ತೆ?” ಎಂದೆ.

“ಚೆನ್ನಮ್ಮ.”

ಬರೆದುಕೊಂಡು, ಪೆನ್ನು ಎತ್ತದೆ ಕಾದೆ. ಯಾರ ಹೆಸರು ಹೇಳಿದರೂ ಹಿಂದೆ ಹತ್ತು ಸಂಬಂಧ ಪೋಣಿಸದೆ ಬಿಟ್ಟವರಲ್ಲ ಅತ್ತೆ.

“ಅಷ್ಟೇ ಕಣೋ” ಎಂದರು ಕಡೆಗೆ. “ಅವಳಿಗೆ ನಾನೊಬ್ಬಳೇ ನೆಂಟಳು.”