ಅಪ್ಪನ ರೇಡಿಯೋ ರಾಜಕೀಯ

ಬೇರೆಯವರ ಅಪ್ಪಂದಿರು ಭಾನುವಾರ ಲಾನ್ ಕತ್ತರಿಸ್ತಾರೆ. ನಮ್ಮಪ್ಪ ಇಲ್ಲಿ ಅಮೆರಿಕದ ಸ್ಟರ್ಲಿಂಗ್ ಅನ್ನೋ ಊರಿನ ಒಂದು ಪುಟ್ಟ ರೇಡಿಯೋ ಸ್ಟೇಷನ್‌ನಲ್ಲಿ ಒಂದು ಗಂಟೆ ಕನ್ನಡದಲ್ಲಿ ರಾಜಕೀಯ ಮಾತಾಡ್ತಾರೆ. ಹಾಗಾಗಿ ವಾರವಾರ ಏನಾದ್ರೂ ಒಂದು ಆಗ್ತಾನೇ ಇರುತ್ತೆ. ನಾನು ಮಾತಾಡೋದು ಕಮ್ಮಿ, ಓದೋದೇ ಜಾಸ್ತಿ. ಇದನ್ನೆಲ್ಲ ಇದುವರೆಗೂ ಯಾರಿಗೂ ಹೇಳಿಲ್ಲ.

ಹೆಸರು ಹೇಳಬೇಡಿ

ಮೊದಲನೇ ವಾರ ಅಪ್ಪ ಎಲೆಕ್ಷನ್ ಬಗ್ಗೆ ಜೋರಾಗಿ ಭಾಷಣ ಮಾಡಿ, "ಈಗ ಫೋನ್ ಮಾಡಿ, ನಿಮ್ಮ ಅಭಿಪ್ರಾಯ ಹೇಳಿ" ಅಂದ್ರು. ಒಬ್ಬ ಅಂಕಲ್ ಮಾಡಿದ್ರು.

"ನನ್ನ ಹೆಸರು ಹೇಳಬೇಡಿ ಸಾರ್. ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ."

"ಹೇಳಲ್ಲ. ಧೈರ್ಯವಾಗಿ ಮಾತಾಡಿ."

"ಊರಿನ ಹೆಸರೂ ಬೇಡ."

"ಆಯ್ತು. ಏನು ನಿಮ್ಮ ಅಭಿಪ್ರಾಯ?"

ಅಂಕಲ್ ಗಂಟಲು ಸರಿಮಾಡ್ಕೊಂಡ್ರು. "ಈ ಸಲ ಚಳಿ ಜಾಸ್ತಿ ಅಲ್ವಾ ಸಾರ್?" ಅಂದ್ರು. ಆಮೇಲೆ ಮೆತ್ತಗೆ, "ಇದು ನಾನು ಹೇಳಿದ್ದು ಅಂತ ಎಲ್ಲೂ ಹೇಳಬೇಡಿ."

ನೀವು ಮೊದಲು

ಸ್ಟೇಷನ್ ಮ್ಯಾನೇಜರ್‌ಗೆ ಕನ್ನಡ ಬರಲ್ಲ. ಅವರು ನೋಡೋದು ಕಾಲ್ ಬಂದಾಗ ಮಿಣುಕೋ ಫೋನಿನ ಲೈಟುಗಳನ್ನ ಮಾತ್ರ. ಲೈಟು ಮಿಣುಕಿದ್ರೆ ಪ್ರೋಗ್ರಾಂ ಚೆನ್ನಾಗಿದೆ ಅಂತ. ನಮ್ಮದು ಮಿಣುಕ್ತಾನೇ ಇರಲಿಲ್ಲ. "ಈ ತಿಂಗಳು ನೋಡ್ತೀನಿ. ಹೀಗೇ ಇದ್ರೆ ಆ ಟೈಮ್ ಗಾರ್ಡನಿಂಗ್ ಪ್ರೋಗ್ರಾಂನವರಿಗೆ" ಅಂದುಬಿಟ್ರು. ಅವತ್ತು ಅಪ್ಪಂಗೆ ಊಟ ಸೇರಲಿಲ್ಲ.

ಜಗಳ ಆದ್ರೆ ಜನ ಫೋನ್ ಮಾಡ್ತಾರೆ ಅಂತ ಅಪ್ಪ ಆ ಪಾರ್ಟಿಯ ಒಬ್ಬ ಅಂಕಲ್, ಈ ಪಾರ್ಟಿಯ ಒಬ್ಬ ಅಂಕಲ್ ಇಬ್ಬರನ್ನೂ ಕರೆಸಿದ್ರು. ವಾಟ್ಸಾಪ್‌ನಲ್ಲಿ ಇಬ್ರೂ ಒಬ್ಬರ ಮೇಲೊಬ್ಬರು ಬೆಂಕಿ ಕಾರೋರು. ಮೈಕ್ ಮುಂದೆ ಕೂತ್ರು.

"ನೀವು ಶುರು ಮಾಡಿ."

"ಛೆ ಛೆ, ನೀವು ಹಿರಿಯರು."

"ಮೈಕ್ ನಿಮ್ಮ ಕಡೆಗಿದೆ, ನೀವೇ ಮಾಡಿ."

ಅಷ್ಟರಲ್ಲಿ ಬ್ರೇಕ್ ಬಂತು. ಬ್ರೇಕ್‌ನಲ್ಲಿ ಅಕ್ಕಪಕ್ಕ ಕೂತುಕೊಂಡೇ ಇಬ್ರೂ ವಾಟ್ಸಾಪ್‌ನಲ್ಲಿ ಬೈದಾಡಿದ್ರಂತೆ.

ಆಶ್‌ಬರ್ನ್ ಮೇಡಂ

ಅಮ್ಮಂಗೆ ಪಾಪ ಅನ್ನಿಸ್ತು. ಮುಂದಿನ ವಾರ ನಮ್ಮ ಬೆಡ್‌ರೂಮಿಂದಲೇ ಫೋನ್ ಮಾಡಿ, ಪಕ್ಕದೂರಿನವರ ಥರ, "ನಾನು ಆಶ್‌ಬರ್ನ್‌ನಿಂದ" ಅಂದ್ರು. ಅಪ್ಪಂಗೆ ತಕ್ಷಣ ಗೊತ್ತಾಯ್ತು. ಆದ್ರೂ, "ಹೇಳಿ ಮೇಡಂ. ಸರ್ಕಾರ ರಸ್ತೆ ರಿಪೇರಿ ಮಾಡ್ತೀವಿ ಅನ್ನುತ್ತೆ, ಮಾಡಲ್ಲ. ಏನಂತೀರಾ?" ಅಂದ್ರು.

"ನೀವು ಹೇಳಿದ್ದೆಲ್ಲ ಮಾಡ್ತೀರಾ?"

"ನಾನೇನು ಮಾಡಿಲ್ಲ ಮೇಡಂ?"

"ಗರಾಜ್ ಕ್ಲೀನ್ ಮಾಡ್ತೀನಿ ಅಂತ ಎಷ್ಟು ವರ್ಷದಿಂದ ಹೇಳ್ತಿದೀರಾ?"

ಅವತ್ತು ಇನ್ನೊಂದು ಲೈಟೂ ಮಿಣುಕ್ತು. ನಮ್ಮ ಪಕ್ಕದ ಮನೆ ಆಂಟಿ. "ಆಶ್‌ಬರ್ನ್ ಮೇಡಂ ಹೇಳಿದ್ದು ನಿಜ. ಆ ಗರಾಜ್ ನಾನು ನೋಡಿದೀನಿ."

ಕೊನೇ ಭಾನುವಾರ

ಆ ತಿಂಗಳ ಕೊನೇ ಪ್ರೋಗ್ರಾಂ. ಲೈಬ್ರರಿ ಸಂಜೆ ಬೇಗ ಮುಚ್ಚಬೇಕಾ ಬೇಡವಾ ಅನ್ನೋ ಚರ್ಚೆ. ಒಂದು ಲೈಟೂ ಇಲ್ಲ. ಅಪ್ಪ ಬೇಜಾರಲ್ಲಿ, "ಈಗೆಲ್ಲ ಲೈಬ್ರರಿಗೆ ಯಾರ್ರೀ ಹೋಗ್ತಾರೆ, ಮುಚ್ಚಲಿ ಬಿಡಿ" ಅಂದುಬಿಟ್ರು.

ಕಿಚನ್‌ನಲ್ಲಿ ಕೇಳಿಸ್ಕೊಳ್ತಿದ್ದ ನಂಗೆ ಮೈಯೆಲ್ಲ ಉರೀತು. ನಾನು ಬದುಕಿರೋದೇ ಅಲ್ಲಿ. ಪಿಜ್ಜಾ ಆರ್ಡರ್ ಮಾಡೋಕೂ ಫೋನಲ್ಲಿ ಮಾತಾಡದವಳು, ನಂಬರ್ ಒತ್ತಿಬಿಟ್ಟೆ. ಅಪ್ಪಂಗೆ ನನ್ನ ಗುರುತು ಸಿಗಲ್ಲ ಅಂತ ಗೊತ್ತಿತ್ತು. ಅವರ ಹತ್ರ ನಾನು ಹೇಳೋದು "ಓಕೆ", "ಫೈನ್" ಅಷ್ಟೇ. ನನ್ನ ಕನ್ನಡ ಏನಿದ್ರೂ ಅಮ್ಮನ ಜೊತೆ.

"ಸಾರ್, ನೀವು ಲೈಬ್ರರಿಗೆ ಹೋಗ್ತೀರಾ?"

"ಪ್ರತಿ ಶನಿವಾರ ಮಗಳನ್ನ ಕರ್ಕೊಂಡು ಹೋಗ್ತೀನಮ್ಮ."

"ಒಳಗೆ ಹೋಗ್ತೀರೋ, ಪಾರ್ಕಿಂಗ್ ಲಾಟಲ್ಲಿ ಸೀಟ್ ಹಿಂದಕ್ಕೆ ಮಾಡ್ಕೊಂಡು ಮಲಗ್ತೀರೋ?"

ಅಪ್ಪ ಕೆಮ್ಮಿದ್ರು. "ನಿಂಗೆ ಹೇಗೆ ಗೊತ್ತು?"

"ಎಲ್ಲಾ ಅಪ್ಪಂದಿರೂ ಅಲ್ಲೇ ಮಲಗಿರ್ತಾರೆ. ಲೈಬ್ರರಿ ಮುಚ್ಚಿದ್ರೆ ನೀವೆಲ್ಲ ಎಲ್ಲಿ ಮಲಗ್ತೀರಾ?"

ಎಲ್ಲಾ ಲೈಟೂ ಒಟ್ಟಿಗೆ ಮಿಣುಕಿದ್ವಂತೆ. ಒಬ್ಬ ಆಂಟಿ, "ನಮ್ಮನೆಯವರೂ ಅಷ್ಟೇ." ಒಬ್ಬ ಅಂಕಲ್, "ನಾನು ಈಗ ಅಲ್ಲಿಂದಲೇ ಮಾತಾಡ್ತಿದೀನಿ." ಮ್ಯಾನೇಜರ್ ಓಡಿ ಬಂದು, ಪ್ರೋಗ್ರಾಂ ಮುಂದುವರೀಲಿ, ಆದ್ರೆ ಆ ಹುಡುಗಿ ಪ್ರತಿ ವಾರ ಫೋನ್ ಮಾಡಬೇಕು ಅಂದ್ರಂತೆ.

ಅವತ್ತು ಅಪ್ಪ ಎರಡನೇ ಸಲ ಅನ್ನ ಹಾಕಿಸ್ಕೊಂಡು ನನ್ನ ಕಡೆ ತಿರುಗಿದ್ರು.

"ನಿನ್ನ ವಯಸ್ಸೇ ಇರಬೇಕು. ಎಂಥಾ ಕನ್ನಡ, ಎಷ್ಟು ಧೈರ್ಯ. ನೀನೂ ಇದೀಯ, ಬಾಯೇ ಬಿಡಲ್ಲ. ಅವರಪ್ಪ ಯಾರೋ ಏನೋ, ಮಗಳನ್ನ ಹೇಗೆ ಬೆಳೆಸಿದಾನೆ ನೋಡು."

ಅಮ್ಮಂಗೆ ಸಾರು ನೆತ್ತಿಗೇರ್ತು. ನಾನು ತಟ್ಟೆ ನೋಡ್ಕೊಂಡು "ಐ ಗೆಸ್" ಅಂದೆ.